ಅತಿಮಿಯಾ ಎಂಬ ಪದವೂ ಓಬಳೆಪ್ಪನ ಚಪ್ಪಲಿಯೂ

ಈ ಕಥೆಯನ್ನು ಗ್ರೀಕಿನಿಂದ ಶುರು ಮಾಡುವುದೋ, ಹೆಣದಿಂದಲೋ? ಮೊದಲ ಡ್ರಾಫ್ಟು ಗ್ರೀಕಿನಿಂದ ಶುರುವಾಗಿತ್ತು. ಕೇಳಿ:

೧. ಅತಿಮಿಯಾ. ಬೈಬಲ್ಲಿನ ಗ್ರೀಕ್ ಪದ. ಅರ್ಥ, ಮಾನವಿಲ್ಲದ ಸ್ಥಿತಿ. ಕುಂಬಾರ ಒಂದೇ ಮಣ್ಣಿನಿಂದ ಎರಡು ಪಾತ್ರೆ ಮಾಡಿದರೆ, ಹೀನ ಕೆಲಸಕ್ಕಿಟ್ಟ ಪಾತ್ರೆಗೆ ಈ ಪದ. ಬೀಜದಂತೆ ಮಣ್ಣಿಗೆ ಬೀಳುವ ಹೆಣಕ್ಕೂ ಇದೇ ಪದ.

(ಆಕಳಿಕೆ ಬಂತೇ? ನನಗೂ ಬಂತು. ಹರಿದು ಹಾಕಿದೆ.)

ಹೆಣದಿಂದಲೇ ಹೊರಡೋಣ. ೧೯೩೮, ನಿಜಾಮರ ಕಾಲ, ಕುಷ್ಟಗಿ ಕಡೆಯ ಒಂದು ಊರು. ಹೆಸರು ಹೇಳುವ ಧೈರ್ಯ ನನಗಿಲ್ಲ. ಚಪ್ಪಲಿ ಹೊಲಿಯುತ್ತಿದ್ದ ಓಬಳೆಪ್ಪ ಜ್ವರ ಬಂದು ತೀರಿಕೊಂಡಿದ್ದಾನೆ. ಹೆಂಡತಿ ಹುಲಿಗವ್ವ, ಅವನು ತನಗೆಂದು ಹೊಲಿದಿಟ್ಟುಕೊಂಡಿದ್ದ ಹೊಸ ಚಪ್ಪಲಿಯನ್ನು ಹೆಣದ ಕಾಲಿಗೆ ಹಾಕಿದ್ದಾಳೆ. ಅವಳು ಮಾಡಿದ ತಪ್ಪು ಅಷ್ಟೇ.

ಎಂದಿನ ದಾರಿಯ ಹಳ್ಳ ತುಂಬಿತ್ತು. ಹೆಣವನ್ನು ಚಾವಡಿ ಮುಂದೆಯೇ ಒಯ್ಯಬೇಕಾಯಿತು. ಅಲ್ಲಿ ಹಾಯುವಾಗ ಅವಳ ಕೇರಿಯವರು ಚಪ್ಪಲಿ ಕಳಚಿ ಕಂಕುಳಲ್ಲಿಟ್ಟುಕೊಂಡು ನಡೆಯಬೇಕು. ಊರಿಗೆಲ್ಲ ಚಪ್ಪಲಿ ಹೊಲಿದ ಓಬಳೆಪ್ಪ ಆ ಬೀದಿಯಲ್ಲಿ ಒಮ್ಮೆಯೂ ಮೆಟ್ಟಿದವನಲ್ಲ. ಹೆಣಕ್ಕೂ ಈ ಕಟ್ಟಳೆ ಇದೆಯೆಂದು ಹುಲಿಗವ್ವನಿಗೆ ಹೊಳೆದಿರಲಿಲ್ಲ.

ಚಾವಡಿ ಕಟ್ಟೆಯಿಂದ ಹಿರಿಯನೊಬ್ಬ ಕೂಗಿದ: "ಏ, ಕೆರ ತಗೀರಿ! ಸತ್ತರೇನಾತು, ಪದ್ಧತಿ ಪದ್ಧತಿನ."

೨. ಮುಕ್ತಾಯ, ಒಂದನೆಯದು. ಹೊತ್ತವರು ಕೇಳಿಸಿಕೊಳ್ಳದೆ ಮುನ್ನಡೆದರು. ಆಹಾ, ಎಂಥ ಕ್ಲೈಮ್ಯಾಕ್ಸು! ಹುಮ್ಮಸ್ಸಿನಲ್ಲಿ ಬರೆಯುತ್ತಿದ್ದೆ. ಹುಲಿಗವ್ವ ನನ್ನ ಪೆನ್ನು ಹಿಡಿದು ನಿಲ್ಲಿಸಿದಳು.

"ಯಪ್ಪಾ, ನೀವು ಬರದು ಎದ್ದು ಹೊಕ್ಕೀರಿ. ನಾಳಿ ಕುಡಿಯೋ ನೀರು ಬೇಡಾಕ ನಾ ಇವ್ರ ಮುಂದನ ನಿಂದರಬೇಕ್ರಿ."

ಮುಕ್ತಾಯ, ಇನ್ನೊಂದು. ಹಿರಿಯನ ಮನಸ್ಸು ಕರಗಿತು. ಇದನ್ನು ಕೇಳಿ ಗಂಡ ಸತ್ತ ದಿನವೂ ಅವಳಿಗೆ ನಗು ಬಂತು.

"ನೀವು ಅವ್ರನ್ನ ನೋಡಿಲ್ಲ ಬಿಡ್ರಿ. ಆದದ್ದು ಬರೀರಿ. ಹೊತ್ತವ್ರ ಹೆಗಲು ನೋಯಾಕತ್ತಾವು."

ಬರೆದೆ. ಹೆಣ ಇಳಿಸಿದರು. ಹುಲಿಗವ್ವ ಮಂಡಿಯೂರಿದಳು. ಕಾಲು ಸೆಟೆದಿತ್ತು, ಎಡಗಾಲಿನ ಹೆಬ್ಬೆರಳು ಚಪ್ಪಲಿಯ ಉಂಗುಟದಲ್ಲಿ ಸಿಕ್ಕಿಕೊಂಡಿತು. ಊರೆಲ್ಲ ನೋಡುತ್ತಿರುವಾಗ ಅವಳು ಗಂಡನ ಕಾಲು ಜಗ್ಗಬೇಕಾಯಿತು. ಜೋಡನ್ನು ಅವನಂತೆಯೇ ಕಂಕುಳಲ್ಲಿಟ್ಟುಕೊಂಡು ಹೆಣದ ಹಿಂದೆ ನಡೆದಳು.

(ಅಳು ಬಂತು. ಲೇಖಕ ಹೀಗೆ ಹೇಳಿಕೊಳ್ಳುವುದು ಅಗ್ಗದ ತಂತ್ರವೆಂದು ಗೊತ್ತು. ಆದರೂ ಬಂತು.)

೩. ಸುಡುಗಾಡಿನಲ್ಲಿ ಗ್ಯಾನಪ್ಪ ಮಾಸ್ತರ ಕಾಯುತ್ತಿದ್ದ. ಹೊಸದಾಗಿ ಕ್ರಿಸ್ತನನ್ನು ನಂಬಿದ ಈ ಕೇರಿಗೆ ಬೋಧಕ ಅವನೇ. ಗಂಗಾವತಿಯ ಪಾದ್ರಿಯೊಬ್ಬರಿಂದ ಆ ಗ್ರೀಕ್ ಪದ ಕಲಿತವನು. ದಾರಿಯಲ್ಲಿ ಆದದ್ದು ಅವನಿಗೆ ತಿಳಿಯದು. ಕುಣಿಯ ಬಳಿ ನಿಂತು, ಆ ಪದವನ್ನೇ ಕನ್ನಡಕ್ಕೆ ತಂದು ಸಮಾಧಾನ ಹೇಳಿದ: "ದೇಹ ಅವಮಾನದಾಗ ಮಣ್ಣಿಗೆ ಹೊಕ್ಕೈತಿ ತಂಗಿ. ಮಹಿಮಿಯಾಗ ಎದ್ದು ಬರ್ತೈತಿ."

"ಮಣ್ಣಾಗ ಎಲ್ಲೈತ್ರಿ ಅವಮಾನ?" ಎಂದಳು ಹುಲಿಗವ್ವ. "ಮಣ್ಣು ಯಾರಿಗೂ ಕೆರ ಬಿಡು ಅನ್ನಂಗಿಲ್ಲ. ಬೀದ್ಯಾಗ ಆತ್ರಿ ಅದು. ಈಗ ಬರೂವಾಗ ಆತು."

ಗ್ಯಾನಪ್ಪ ಅವಳ ಕಂಕುಳ ನೋಡಿದ. ಅವನ ಬಾಯಿಗೆ ಬೇರೆ ಪದ ಕೊಡುವುದು ನನ್ನ ಕೆಲಸ. ನಾಚಿಕೆ? ಹೀನಾಯ? ಬರೆದೆ, ಹೊಡೆದು ಹಾಕಿದೆ.

ಓಬಳೆಪ್ಪನನ್ನು ಕುಣಿಗೆ ಇಳಿಸಿದರು. ಬರಿಗಾಲು. ಓದುಗರೇ, ಇಲ್ಲಿಗೆ ಮುಗಿಸಿ ನಿಮಗೆ ಕೈಮುಗಿಯಬೇಕೆಂದಿದ್ದೆ. ಹುಲಿಗವ್ವ ಜೋಡನ್ನು ಕೈಗೆ ತೆಗೆದುಕೊಂಡು, ಮಾಸ್ತರನನ್ನು ಬಿಟ್ಟು ನನ್ನ ಕಡೆ ತಿರುಗಿದಳು. ದನಿ ತೀರಾ ಸಣ್ಣದಾಗಿತ್ತು.

"ಯಪ್ಪಾ, ಇಲ್ಲಿ ಹಾಕಬಹುದೇನ್ರಿ? ಯಾರೂ ಬೈಯಂಗಿಲ್ಲಲ್ರಿ?"