ಲೇತಿನ ಮುಂದೆ ಅಮ್ಮನ ಆಣೆ

ಕುಕ್ಕರ್ ಜೋರಾಗಿ ಕೂಗಿದರೂ ಎದೆ ಹಿಡಿದುಕೊಳ್ಳುವ ಹೆಂಗಸು ಗಿರಿಜಾಂಬಾ. ಅಂಥವರ ಮನೆಗೇ, ಚಾಮರಾಜಪೇಟೆಯ ಆ ಹಳೇ ಮನೆಯ ಕಾರ್ ಶೆಡ್ಡಿಗೇ, ಮಗ ಚಿದಂಬರ ಒಂದು ಲೇತ್ ತಂದು ಇಳಿಸಿದ. ಕಬ್ಬಿಣದ ಸರಳನ್ನು ಗರಗರ ತಿರುಗಿಸಿ, ಸೌತೆಕಾಯಿ ಸಿಪ್ಪೆ ಹೆರೆದಂತೆ ಹೆರೆಯುವ ಯಂತ್ರ. ಇನ್ಷೂರೆನ್ಸ್ ಆಫೀಸಿನಲ್ಲಿ ತಣ್ಣಗೆ ಕೂತು ಸಂಬಳ ತರುವವನಿಗೆ, ನಲವತ್ತು ದಾಟಿದ ಮೇಲೆ ಇದೆಲ್ಲಿಯ ಉಸಾಬರಿ! ಕೇಳಿದರೆ, ಬೀದಿಯವರ ಗ್ರೈಂಡರಿಗೆ, ಹೊಲಿಗೆ ಮಿಷನ್ನಿಗೆ ಅಂಗಡಿಯಲ್ಲಿ ಸಿಗದ ಬಿಡಿಭಾಗ ಮಾಡಿಕೊಡುತ್ತಾನಂತೆ. ಚಿಕ್ಕಂದಿನ ಆಸೆಯಂತೆ.

ಹಾಗೆಂದು ಅವನು ಹುಡುಗಾಟ ಮಾಡಲಿಲ್ಲ. ನೆಲಕ್ಕೆ ಕಾಂಕ್ರೀಟ್ ಹಾಕಿಸಿ, ಅದು ಚೆನ್ನಾಗಿ ಗಟ್ಟಿಯಾದ ಮೇಲೆ ಯಂತ್ರ ಕೂರಿಸಿ ಬೋಲ್ಟು ಬಿಗಿದ. ರಸಮಟ್ಟ ಇಟ್ಟು ಬಗ್ಗಿ ಬಗ್ಗಿ ನೋಡಿ, ತಗ್ಗಿದ ಕಡೆ ತಗಡಿನ ಚೂರು ಕೊಟ್ಟ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಬೇರೆ ಲೈನು, ಬೇರೆ ಅರ್ಥಿಂಗ್ ಹಾಕಿಸಿದ. ಕಣ್ಣಿಗೆ ಕನ್ನಡಕ ತಂದ. ಕೊನೆಗೆ ನಿಪ್ಪಟ್ಟಿನಷ್ಟು ದೊಡ್ಡ ಕೆಂಪು ಬಟನ್ ಒಂದನ್ನು ಬಾಗಿಲ ಹತ್ತಿರ ಕೂರಿಸಿ, ಅಮ್ಮನನ್ನು ಕರೆದು ತೋರಿಸಿದ.

“ಏನಾದ್ರೂ ಆದ್ರೆ ನನ್ನನ್ನ ಹಿಡಿದು ಎಳೀಬೇಡಮ್ಮ. ಮೊದ್ಲು ಇದನ್ನ ಗುದ್ದು, ಮಿಷನ್ ನಿಲ್ಲತ್ತೆ.”

“ಬಿಡ್ತು ಅನ್ನೋ!” ಎಂದರು ಗಿರಿಜಾಂಬಾ. ಅವನು ಒಂದೊಂದು ಎಚ್ಚರಿಕೆ ತೆಗೆದುಕೊಂಡಷ್ಟೂ ಅವರ ಭಯ ಜಾಸ್ತಿಯೇ ಆಯಿತು. ಅಪಾಯವೇ ಇಲ್ಲದಿದ್ದರೆ ಇಷ್ಟೆಲ್ಲ ಯಾಕೆ ಮಾಡುತ್ತಿದ್ದ?

ಇದ್ದ ಭಯಕ್ಕೆ ತುಪ್ಪ ಸುರಿದವರು ಪಕ್ಕದ ಮನೆ ತುಳಸಮ್ಮ. “ನೋಡ್ರೀ, ನಿಮ್ಮ ಚಿದು ತಂದಿರೋದು ಇದೇ ಅಲ್ವಾ?” ಎಂದು ಫೋನಿನಲ್ಲಿ ವಿಡಿಯೋ ತೋರಿಸಿದರು. ಯಾವುದೋ ದೇಶದ ಕಾರ್ಖಾನೆ. ಒಬ್ಬ ಮನುಷ್ಯ ಲೇತಿನ ಮೇಲೆ ಬಗ್ಗಿದ, ಅವನ ತೋಳಿನ ಬಟ್ಟೆ ಸಿಕ್ಕಿಕೊಂಡಿತು. ಗಿರಿಜಾಂಬಾ ಕಣ್ಣು ಮುಚ್ಚಿದರು. ಅಷ್ಟರಲ್ಲೇ ನೋಡಬಾರದ್ದನ್ನು ನೋಡಿಯಾಗಿತ್ತು.

ಮರುದಿನ ಬೆಳಿಗ್ಗೆಯೇ ಆಟೋ ಹಿಡಿದು ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹೋಗಿ, ಮಗನ ಹೆಸರಲ್ಲಿ ಅರ್ಚನೆ ಮಾಡಿಸಿ, ಕೆಂಪು ದಾರ ತಂದರು. ಒಂದೆಳೆ ಎಲ್ಲಿ ಕಿತ್ತುಹೋಗುತ್ತದೋ ಎಂದು ಮೂರೆಳೆ ಸೇರಿಸಿ ಹೊಸೆದರು. ಅವನ ಬಲಗೈ ಮಣಿಕಟ್ಟಿಗೆ ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿದರು.

“ಅಮ್ಮ, ಲೇತ್ ಹತ್ರ ಕೈಯಲ್ಲಿ ಏನೂ ಇರ್ಬಾರ್ದು. ವಾಚು, ಉಂಗುರ ಎಲ್ಲ ತೆಗೆದಿಟ್ಟೇ ನಾನು ಒಳಗೆ ಹೋಗೋದು.”

“ವಾಚು ಬೇರೆ, ದೇವ್ರ ದಾರ ಬೇರೆ. ನನ್ನಾಣೆ ಕಣೋ ಚಿದು, ಇದನ್ನ ತೆಗೆದ್ಯೋ, ನನ್ನ ಹೆಣ ನೋಡ್ತೀಯ.”

ಅಪ್ಪ ತೀರಿಹೋದ ಮೇಲಂತೂ ಅಮ್ಮನ ಆಣೆ ಮೀರುವುದು ಚಿದಂಬರನಿಂದ ಆಗದು. ಲೇತಿನ ಮುಂದೆ ನಿಲ್ಲುವಾಗ ದಾರದ ಮೇಲೆ ಔಷಧಿ ಅಂಗಡಿಯ ಪ್ಲಾಸ್ಟರ್ ಸುತ್ತಿಕೊಳ್ಳತೊಡಗಿದ. ಯಂತ್ರಕ್ಕೂ ಸರಿ, ಅಮ್ಮನಿಗೂ ಸರಿ ಎಂದುಕೊಂಡ ಪಾಪ.

ಸೊಸೆ ಸುಪ್ರಜಾ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಅವಳು ಸುಮ್ಮನಿರಲಿಲ್ಲ. “ಅತ್ತೆ, ಆಣೆ ವಾಪಸ್ ತಗೊಂಬಿಡಿ. ಸಡಿಲವಾಗಿ ಏನು ಸಿಕ್ಕಿದ್ರೂ ಆ ಮಿಷನ್ ಎಳ್ಕೊಳತ್ತೆ. ದೇವ್ರ ದಾರ ಅಂತ ಅದಕ್ಕೆ ಗೊತ್ತಾಗತ್ತಾ?”

ಗಿರಿಜಾಂಬಾ ಮುಖ ತಿರುಗಿಸಿದರು. ಸೊಸೆಯ ಮಾತು ತಲೆಗೆ ಹೋಗಲಿಲ್ಲವೆಂದಲ್ಲ. ಆದರೆ ಕಟ್ಟದೇ ಇದ್ದಿದ್ದರೆ ಅದೊಂದು ಮಾತು. ಕಟ್ಟಿದ ರಕ್ಷೆಯನ್ನು ತಾವೇ ಬಿಚ್ಚಿಸಿದರೆ ಆಪತ್ತನ್ನು ಕೈಬೀಸಿ ಕರೆದಂತೆ ಆಗುವುದಿಲ್ಲವೇ? ಆ ಧೈರ್ಯ ಅವರಿಗೆ ಬರಲಿಲ್ಲ.

ಭಾನುವಾರ ಸುಪ್ರಜಾ ತರಕಾರಿಗೆಂದು ಗಾಂಧಿ ಬಜಾರಿಗೆ ಹೋಗಿದ್ದಳು. ಶೆಡ್ಡಿನಿಂದ ಗುಂಯ್ ಎನ್ನುವ ಸದ್ದು ಬರುತ್ತಲೇ ಇತ್ತು. ಅಡುಗೆಮನೆಯಲ್ಲಿ ನಿಂತು ಆ ಸದ್ದು ಕೇಳುವುದಕ್ಕಿಂತ ಎದುರಿಗೇ ನಿಂತು ನೋಡುವುದು ವಾಸಿ ಎನ್ನಿಸಿ, ಗಿರಿಜಾಂಬಾ ಕಾಫಿ ಲೋಟ ಹಿಡಿದು ಬಾಗಿಲಿಗೆ ಬಂದರು.

ದಪ್ಪ ಸರಳೊಂದು ನಿಧಾನಕ್ಕೆ ತಿರುಗುತ್ತಿತ್ತು. ಹೆರೆದ ಉಕ್ಕು ಸುರುಳಿ ಸುರುಳಿಯಾಗಿ ಬಂದು ಅದಕ್ಕೇ ತೊಡರಿಕೊಂಡಿತ್ತು. ನಿಲ್ಲಿಸಿ ತೆಗೆಯಬೇಕಾದ್ದು. ಅಮ್ಮ ಕಾಫಿ ಹಿಡಿದು ನಿಂತಿದ್ದಾಳೆಂದು ಅವಸರಪಟ್ಟನೋ ಏನೋ, ಚಿದಂಬರ ಬ್ರಷ್ ತೆಗೆದುಕೊಂಡು ಕೈ ಚಾಚಿದ. ಬೆವರಿಗೆ, ಎಣ್ಣೆಗೆ ಪ್ಲಾಸ್ಟರ್ ಬಿಟ್ಟುಕೊಂಡಿತ್ತು. ಕೆಂಪು ದಾರದ ಬಾಲ ಕೆಳಗೆ ಇಳಿಬಿದ್ದಿತ್ತು. ಮೊದಲು ಕಂಡದ್ದು ಗಿರಿಜಾಂಬಾ ಅವರಿಗೇ. ಕೂಗಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ತಡವಾಗಿತ್ತು.

ಉಕ್ಕಿನ ಸುರುಳಿ ದಾರವನ್ನು ಕೊಕ್ಕೆ ಹಾಕಿ ಸುತ್ತಿಕೊಂಡಿತು. ಚಿದಂಬರ ಮುಂದಕ್ಕೆ ಮುಗ್ಗರಿಸಿದ. ಎಡಗೈಯಿಂದ ಯಂತ್ರದ ಅಂಚು ಹಿಡಿದು, ಇಡೀ ಮೈಯಿಂದ ಹಿಂದಕ್ಕೆ ಜಗ್ಗಿದ. ಮೋಟರಿನ ಬೆಲ್ಟು ಜಾರಿ ಕಿರುಚಿತು. ದಾರ ಕಿತ್ತುಹೋಗಲಿಲ್ಲ. ಕೀಳದ ಹಾಗೆ ಹೊಸೆದಿದ್ದರಲ್ಲ!

“ಅಮ್ಮಾ! ಬಟನ್!”

ಗಿರಿಜಾಂಬಾ ಅವರಿಗೆ ಕಂಡದ್ದು ಮಗನ ಬೆನ್ನೊಂದೇ. ಓಡಿಹೋಗಿ ಅವನನ್ನು ತಬ್ಬಿ ಎಳೆಯಬೇಕೆಂದು ಮೈಯೆಲ್ಲ ಹಂಬಲಿಸಿತು. ಕಾಲು ಒಂದು ಹೆಜ್ಜೆ ಹಾಕಿಯೂ ಬಿಟ್ಟಿತು. ಎಳೀಬೇಡ ಎಂದಿದ್ದ. ಲೋಟ ಬಿಸಾಡಿ, ತಿರುಗಿ, ಎರಡೂ ಅಂಗೈಯಿಂದ ಕೆಂಪು ಬಟನ್ನನ್ನು ಗುದ್ದಿದರು. ಯಂತ್ರ ನಿಂತ ಮೇಲೂ ಗುದ್ದುತ್ತಲೇ ಇದ್ದರು.

“ಸಾಕಮ್ಮ, ನಿಂತಿದೆ” ಎಂದ ಚಿದಂಬರ. ಅವನ ಬೆರಳುಗಳು, ಸರಳನ್ನು ಕಚ್ಚಿ ತಿರುಗಿಸುವ ಚಕ್‌ಗೆ ತಾಗುವುದೊಂದು ಬಾಕಿ. ದಾರ ಮಣಿಕಟ್ಟಿನ ಚರ್ಮ ಸೀಳಿ ಒಳಗೆ ಇಳಿದಿತ್ತು. ರಕ್ತ ಮೊಣಕೈವರೆಗೂ ಹರಿದಿತ್ತು.

“ಅಲ್ಲಿ ಕತ್ತರಿ ಇದೆ, ಕೊಡು.”

ಕತ್ತರಿ ಅವನ ಪಕ್ಕದ ಮೊಳೆಗೇ ತೂಗುಹಾಕಿತ್ತು. ಗಿರಿಜಾಂಬಾ ಅವನ ಕೈಗೆ ಕೊಡಲಿಲ್ಲ. ತಾವೇ ದಾರಕ್ಕೆ ಕತ್ತರಿ ಹಾಕಿದರು. ಕೈ ಬಿಡಿಸಿಕೊಂಡು ಅವನು ಬೆರಳು ಮಡಚಿ ಬಿಚ್ಚಿ ತೋರಿಸಿದ ಮೇಲೆ, ಸೆರಗಿನಿಂದ ಗಾಯ ಒತ್ತಿ ಹಿಡಿದು ಕೇಳಿದರು:

“ಕತ್ತರಿ ಇಲ್ಲೇ ಇತ್ತಲ್ಲೋ ಚಿದು. ದಿನಾ ಕೈಗೆ ಸಿಗೋ ಹಾಗೇ ಇತ್ತಲ್ಲೋ. ನಂಗೆ ಗೊತ್ತಾಗದ ಹಾಗೆ ಕತ್ತರಿಸಿ ಬಿಸಾಕೋಕೆ ಏನಾಗಿತ್ತೋ ನಿಂಗೆ?”

“ನೀನು ಆಣೆ ಇಟ್ಟಿದ್ಯಲ್ಲಮ್ಮ.”

“ದಾರ ತೆಗೆದ್ರೆ ನಿಜವಾಗ್ಲೂ ನಾನು ಸತ್ತೋಗ್ತೀನಿ ಅಂದ್ಕೊಂಡ್ಯಾ? ಇಷ್ಟು ಓದಿದೀಯ!”

ಚಿದಂಬರ ತಲೆ ತಗ್ಗಿಸಿದ. “ಗೊತ್ತಿಲ್ಲಮ್ಮ. ಕತ್ತರಿ ತಗೊಳ್ತಿದ್ದೆ, ವಾಪಸ್ ಇಡ್ತಿದ್ದೆ. ಭಯ ಆಗೋದು.”

ಇಷ್ಟು ದಿನ ಈ ಮನೆಯಲ್ಲಿ ಹೆದರಿಕೊಂಡಿರುವವರು ತಾವೊಬ್ಬರೇ ಎಂದು ಗಿರಿಜಾಂಬಾ ತಿಳಿದಿದ್ದರು. ಅವರಿಗೆ ಅಳು ತಡೆಯಲಾಗಲಿಲ್ಲ.

“ಆಣೆ ವಾಪಸ್ ತಗೊಂಡೆ ಕಣೋ. ಇನ್ನು ಇಲ್ಲ ಅದು.”

“ಸರಿ ಬಿಡಮ್ಮ. ಇನ್ನು ನೀನೂ ಹೆದರ್ಬೇಡ.”

“ಹೆದರ್ತೀನಿ” ಎಂದರು ಗಿರಿಜಾಂಬಾ, ಅವನ ಕೈ ಬಿಡದೆ. “ನೀನು ಒಳಗೆ ಹೋದಾಗಲೆಲ್ಲ ಹೆದರ್ತೀನಿ. ಆದ್ರೆ ಅದು ನನ್ನ ಹೆದರಿಕೆ. ನಿನ್ನ ಕೈಗೆ ಕಟ್ಟಲ್ಲ.”