ಅಧ್ಯಕ್ಷರ ಚೀಲ

ಕಂಪ್ಲಿಯ ರೈಸ್‌ಮಿಲ್ಲುಗಳ ಹಮಾಲರ ಸಂಘಕ್ಕೆ ಗವಿಸಿದ್ದಪ್ಪ ಆರು ವರ್ಷಗಳಿಂದ ಅಧ್ಯಕ್ಷ. ಏಳನೆಯ ವರ್ಷವೂ ಅವನೇ ಆಗಬೇಕಾದರೆ ಈ ಭಾನುವಾರ ಬೆಳಿಗ್ಗೆ ಎಪ್ಪತ್ತೈದು ಕಿಲೋ ಭತ್ತದ ಚೀಲವನ್ನು ಬೆನ್ನ ಮೇಲೆ ಹೊತ್ತು ಲಾರಿಯಿಂದ ಗೋದಾಮಿನ ಒಳಗಿನವರೆಗೆ ನಡೆಯಬೇಕಾಗಿತ್ತು. ಮೂರು ತಿಂಗಳ ಹಿಂದೆ ಹೊಸಪೇಟೆಯ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ನೀರಿನ ಬಕೆಟ್ಟೂ ಎತ್ತಬ್ಯಾಡ್ರಿ" ಎಂದಿದ್ದರು. ಅದು ಅವನಿಗೆ, ಅವನ ಹೆಂಡತಿಗೆ ಮತ್ತು ಸಂಘದ ಕಾರ್ಯದರ್ಶಿ ಈಶ್ವರನಿಗೆ ಮಾತ್ರ ಗೊತ್ತಿತ್ತು.

ಚೀಲದ ನಿಯಮ ಐವತ್ತು ವರ್ಷ ಹಳೆಯದು. ಆಗ ಮಿಲ್ಲುಗಳಲ್ಲಿ ಒಬ್ಬ ಮೇಸ್ತ್ರಿ ಇದ್ದ. ಇವತ್ತು ಯಾರಿಗೆ ಕೆಲಸ, ಯಾರು ಮನೆಗೆ ಹೋಗಿ ಮಲಗಬೇಕು ಎಂಬುದನ್ನು ಬೀಡಿಯ ತುದಿಯಿಂದ ತೋರಿಸುತ್ತಿದ್ದ. ಹನ್ನೊಂದು ಜನ ಹಮಾಲರು ಅವನನ್ನು ಓಡಿಸಿ ಸಂಘ ಕಟ್ಟಿದರು. ಅವರಲ್ಲಿ ಸಹಿ ಬರುತ್ತಿದ್ದವನು ಗಾದಿಲಿಂಗಪ್ಪ ಒಬ್ಬನೇ. ಗೆದ್ದ ಹುರುಪಿನಲ್ಲಿ ಉಳಿದವರು ಅವನನ್ನು ಸಾಯುವ ತನಕ ಅಧ್ಯಕ್ಷನನ್ನಾಗಿ ಮಾಡಲು ಹೊರಟಾಗ ಅವನು, "ಮೇಸ್ತ್ರಿನ ಓಡಿಸಿದ್ವಿ, ಖರೆ. ನಾಳೆ ನಾನಾ ಮೇಸ್ತ್ರಿ ಆದ್ರ ಯಾರ್ ಓಡಸ್ತೀರಿ? ನನ್ನ ಕೈ ಈಗ ಕಟ್ರಿ. ಆಮ್ಯಾಲೆ ನಾ ಕಟ್ಟಾಕ ಬಿಡಂಗಿಲ್ಲ" ಎಂದನಂತೆ.

ಹಾಗಾಗಿ ಆ ಹನ್ನೊಂದು ಜನ ಬರೆಸಿದ್ದರಲ್ಲಿ ಅಧ್ಯಕ್ಷ ಏನು ಮಾಡಬಹುದು ಎಂಬುದು ನಾಲ್ಕು ಸಾಲು, ಏನು ಮಾಡಕೂಡದು ಎಂಬುದು ಮೂರು ಪುಟ. ಕುರ್ಚಿ ಒಂದು ವರ್ಷಕ್ಕೆ ಮಾತ್ರ. ಮತ್ತೆ ಬೇಕಾದರೆ ಮತ್ತೆ ಕೇಳಬೇಕು. ಇಡೀ ಸಭೆ ಕೈಯೆತ್ತದೆ ಯಾರನ್ನೂ ಕೆಲಸದಿಂದ ತೆಗೆಯುವಂತಿಲ್ಲ. ಕುರ್ಚಿ ಕೇಳುವವನು ಮೊದಲು ಎಲ್ಲರ ಕಣ್ಣೆದುರು ತುಂಬಿದ ಚೀಲ ಹೊರಬೇಕು.

ಹೊಸದಾಗಿ ಸೇರಿದವರಿಗೆಲ್ಲ ಈ ಕಥೆ ಹೇಳುತ್ತಿದ್ದವನು ಗವಿಸಿದ್ದಪ್ಪನೇ. ಆದರೆ ಈ ಸಲ ಮಿಲ್ಲಿನವರು ಚೀಲ ಸಾಗಿಸುವ ಬೆಲ್ಟು ತರಿಸುತ್ತಿದ್ದರು. ಅದು ಬಂದರೆ ಅರ್ಧ ಜನಕ್ಕೆ ಕೆಲಸವಿಲ್ಲ. ಮಾಲೀಕರೊಡನೆ ಮಾತುಕತೆ ಅರ್ಧಕ್ಕೆ ಬಂದಿತ್ತು. ಕುರ್ಚಿಗೆ ನಿಂತಿದ್ದ ಇನ್ನೊಬ್ಬನೆಂದರೆ ಮೌನೇಶ. ಅವನಿಗೆ ಕೊಟ್ಟರೆ ಮಾಲೀಕರ ಒಂದು ಚಹಾ ಕುಡಿದು ಬೆಲ್ಟಿಗೆ ಸಹಿ ಹಾಕಿ ಬರುತ್ತಾನೆ ಎಂದು ಗವಿಸಿದ್ದಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ. ತಾನಿಲ್ಲದಿದ್ದರೆ ನಡೆಯುವುದಿಲ್ಲ ಎಂದು ಹಿಂದಿನ ಅಧ್ಯಕ್ಷರೂ ನಂಬಿದ್ದರು, ಅವರಿಲ್ಲದೆಯೂ ನಡೆದಿತ್ತು. ಈ ವರ್ಷದ ಮಾತು ಬೇರೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅವರಿಗೂ ಹಾಗೆಯೇ ಅನ್ನಿಸಿತ್ತು.

ಭಾನುವಾರದ ಸಭೆಯಲ್ಲಿ ಪಾಸ್ ಮಾಡಿಸಲು ಈಶ್ವರ ಎರಡು ತಿದ್ದುಪಡಿ ಟೈಪು ಮಾಡಿಸಿದ್ದ. ಮುಂದಿನ ವರ್ಷದಿಂದ ಚೀಲ ಹೊರುವ ನಿಯಮ ಇಲ್ಲ. ಬೆಲ್ಟಿನ ಮಾತುಕತೆ ಮುಗಿಯುವವರೆಗೆ, ತಕರಾರು ಮಾಡುವವರನ್ನು ಸಭೆ ಕರೆಯದೆ ಕೆಲಸದಿಂದ ತೆಗೆಯುವ ಅಧಿಕಾರ ಅಧ್ಯಕ್ಷನಿಗೆ. ಗವಿಸಿದ್ದಪ್ಪ ಎರಡನ್ನೂ ಓದಿ, ಎರಡನೆಯದರ ಹತ್ತಿರ ಸ್ವಲ್ಪ ನಿಂತು, ಸಹಿ ಹಾಕಿದ್ದ.

"ಇವತ್ತೊಂದ್ ದಿನ ದಾಟಿಬಿಡ್ರಿ, ಮಾವ" ಎಂದ ಈಶ್ವರ, ಲಾರಿಯ ಪಕ್ಕದಲ್ಲಿ. "ಉಳಿದದ್ದು ನಾ ನೋಡ್ಕೊಂಡೀನಿ."

"ಏನ್ ನೋಡ್ಕೊಂಡಿ?"

"ನೀವು ಬಗ್ಗ್ರಿ ಸುಮ್ಮನ."

ಮೌನೇಶ ಆಗಲೇ ತನ್ನ ಚೀಲವನ್ನು ತಲೆದಿಂಬಿನಂತೆ ಒಯ್ದಿಟ್ಟು ಬಂದು ಮೈ ಒರೆಸಿಕೊಳ್ಳುತ್ತಿದ್ದ. ಗವಿಸಿದ್ದಪ್ಪ ಬಗ್ಗಿದ. ಬೆನ್ನಹುರಿಯ ಕೆಳಗೆ ಆಗಲೇ ಬೆಂಕಿ. ಕಣ್ಣು ಮುಚ್ಚಿ ಕಾದ. ಈಶ್ವರನೂ ಇನ್ನೊಬ್ಬನೂ ಚೀಲ ಎತ್ತಿ ಹೇರಿದರು.

ಏನೂ ಆಗಲಿಲ್ಲ. ಚೀಲ ಹಗುರವಾಗಿತ್ತು. ಒಳಗೆ ಹೊಟ್ಟು.

ಮೊದಲ ಹೆಜ್ಜೆ ಖುಷಿಯಲ್ಲೇ ಇಟ್ಟ. ಎರಡನೆಯದರ ಹೊತ್ತಿಗೆ ಚೀಲದ ಆಕಾರ ನೆನಪಾಯಿತು. ಭತ್ತದ ಚೀಲ ಬೆನ್ನಿಗೆ ಅಂಟಿ ಎರಡೂ ಕಡೆ ಜೋತುಬೀಳುತ್ತದೆ. ಹೊಟ್ಟಿನದು ಉಬ್ಬಿಕೊಂಡು ನಿಲ್ಲುತ್ತದೆ. ಬೇರೆ ಯಾವ ಸಭೆಯಲ್ಲಾದರೂ ಈ ಮೋಸ ನಡೆಯಬಹುದಿತ್ತೇನೋ. ಈಶ್ವರ ಅದನ್ನು ನೂರಾ ನಲವತ್ತು ಹಮಾಲರ ಮುಂದೆ ಮಾಡಿದ್ದ. ಹತ್ತು ವರ್ಷದಿಂದ ಪೆನ್ನು ಮಾತ್ರ ಎತ್ತಿದವನಿಗೆ ಅದು ಹೊಳೆದಿರಲಿಲ್ಲ.

ಗವಿಸಿದ್ದಪ್ಪ ಕತ್ತು ಓರೆ ಮಾಡಿ ನೋಡಿದ. ಎಲ್ಲರೂ ಚೀಲವನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ, ಬೈಯಲಿಲ್ಲ. ಒಬ್ಬ ತನ್ನ ಉಗುರು ನೋಡಿಕೊಂಡ. ಬೈದಿದ್ದರೆ ಒಳ್ಳೆಯದಿತ್ತು. ನಾಳೆ ಇವರ್ಯಾರಿಗಾದರೂ ಕೆಲಸ ಹೋದಾಗಲೂ ಉಳಿದವರು ಹೀಗೇ ಉಗುರು ನೋಡಿಕೊಳ್ಳುತ್ತಾರೆ ಎಂದು ಅವನಿಗೆ ಭಯವಾಯಿತು.

ಗೋದಾಮಿನ ಬಾಗಿಲಲ್ಲಿ ಕಾಳು ಗುಡಿಸುವ ದುರ್ಗಕ್ಕ ಪೊರಕೆ ಹಿಡಿದು ನಿಂತಿದ್ದಳು. "ಬಾರಪಾ, ಜಲ್ದಿ ಬಾ" ಎಂದಳು. "ಗಾಳಿ ಬಂದ್ರ ಹಾರಿಹೋದೀ."

ಅವನು ನಿಂತ. ತಿರುಗಿ ಲಾರಿಯವರೆಗೆ ನಡೆದು ಚೀಲ ಇಳಿಸಿದ.

"ಭತ್ತದ್ದು ಹೇರ್ರಿ."

"ಮಾವ, ಡಾಕ್ಟರ್ ಏನಂದಾರ..."

"ಹೇರಲೇ."

ಹೇರಿದರು. ನಾಲ್ಕು ಹೆಜ್ಜೆ ನಡೆದ. ಐದನೆಯದಕ್ಕೆ ಕಾಲು ಅವನ ಮಾತು ಕೇಳಲಿಲ್ಲ. ಮೊಣಕಾಲೂರಿದ. ಚೀಲ ಪಕ್ಕಕ್ಕೆ ಉರುಳಿತು. ನಾಲ್ಕು ಜನ ಓಡಿಬಂದು ಅವನನ್ನು ಎತ್ತಿ ಗೋಡೆಗೆ ಆನಿಸಿ ಕೂರಿಸಿದರು. ದುರ್ಗಕ್ಕ ನೀರು ಕೊಟ್ಟಳು.

ಮುಂದಿನದು ಕೈಯೆತ್ತುವ ಕೆಲಸವಷ್ಟೆ. ಮೌನೇಶ ಅಧ್ಯಕ್ಷನಾದ. ಕುರ್ಚಿಯಲ್ಲಿ ಕೂತು ಮೇಜಿನ ಮೇಲಿದ್ದ ಟೈಪು ಮಾಡಿದ ಹಾಳೆಯನ್ನು ಬೆರಳಿಟ್ಟು ಓದಿದ. ಓದುತ್ತ ಓದುತ್ತ ಅವನ ಮುಖ ಅರಳಿತು.

"ಇದು ಗವಿಸಿದ್ದಣ್ಣ ಬರಿಸಿದ್ದೇನ್ರಿ? ಭಾಳ ಚೊಲೋ ಬರಿಸ್ಯಾನ" ಎಂದ. "ಮೊದಲನೇದು ಬ್ಯಾಡ, ಚೀಲ ಇರ್ಲಿ, ನಾ ಹೊರ್ತೀನಿ. ಎರಡನೇದು, ತಕರಾರು ಮಾಡೋರ್ನ ತೆಗಿಯೋದು, ಹಂಗಾ ಪಾಸ್ ಮಾಡೋಣು. ಹಿರೇರು ಸಹಿ ಹಾಕ್ಯಾರಂದಮ್ಯಾಲೆ ಯಾರದೂ ತಕರಾರು ಇಲ್ಲಲ್ಲ?"

ಈಶ್ವರ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ. ಒಂದು ಕೈ, ಎರಡು ಕೈ, ಹಿಂದಿನ ಸಾಲಿನಲ್ಲಿ ಐದಾರು ಕೈ ಮೇಲೇಳತೊಡಗಿದವು.

ಗವಿಸಿದ್ದಪ್ಪ ಗೋಡೆ ಹಿಡಿದು ಏಳಲು ನೋಡಿದ. ಸೊಂಟ ಬಿಡಲಿಲ್ಲ. ಈ ವೇಗದಲ್ಲಿ ತಾನು ನೆಟ್ಟಗೆ ನಿಲ್ಲುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದು ಲೆಕ್ಕ ಹಾಕಿ, ಕೂತಲ್ಲಿಂದಲೇ ಕೂಗಿದ:

"ಮೌನೇಶ, ತಡಿ. ನಂದೈತಿ ತಕರಾರು. ಬರ್ಕೋ ಈಶ್ವರ, ಮೊದಲನೇ ಹೆಸರು ನಂದು."