ಟೋಪಿಯೊಳಗಿನ ಚೀಟಿ

ಊರ್‌ಹೆಲ್ಮ್ ಮನೆತನದ ಲಾಂಛನದ ಗುರಾಣಿ, ದೇಶಕ್ಕೆ ಕಾನೂನು ಮಾಡುವ ಹೆಲ್ಸಿಂಕಿಯ ಕುಲೀನರ ಸಭೆಯ ಗೋಡೆಯ ಮೇಲಿತ್ತು. ಮನೆತನದ ಹೆಸರಲ್ಲಿ ಅಲ್ಲಿ ಕೂತು ಮತ ಹಾಕುವ ಹಕ್ಕು ಮನೆಯ ಹಿರಿಯ ಗಂಡಸಿಗೆ ಮಾತ್ರ. ಆ ಗಂಡಸು ಫಾಬಿಯನ್. ಅವನಿಗೆ ಚೆನ್ನಾಗಿ ಗೊತ್ತಿದ್ದುದು ನಾಯಿ ಮತ್ತು ಮೀನು. ದೇಶದ ವಿಚಾರ ಗೊತ್ತಿದ್ದುದು ಅಕ್ಕ ಎಬ್ಬಾಗೆ. ಮದುವೆಯಾಗದೆ ಉಳಿದು, ಜಮೀನು ನೋಡಿಕೊಂಡು, ಪತ್ರಿಕೆಗಳನ್ನು ಜಾಹೀರಾತಿನ ಸಮೇತ ಓದುತ್ತಿದ್ದವಳು ಅವಳು.

ಫಾಬಿಯನ್ ಸಭೆಗೆ ಹೊರಟಾಗಲೆಲ್ಲ ಎಬ್ಬಾ ಅವನ ಟೋಪಿಯ ಒಳಪಟ್ಟಿಯಲ್ಲಿ ಚೀಟಿ ಸಿಕ್ಕಿಸುತ್ತಿದ್ದಳು: ರೈಲುದಾರಿಗೆ ಹೌದು, ಸಾರಾಯಿಗೆ ಇಲ್ಲ. ಇಪ್ಪತ್ತೆರಡು ವರ್ಷ ಫಾಬಿಯನ್ ಟೋಪಿ ತೆಗೆದು ಇಣುಕಿ ಮತ ಹಾಕಿದ್ದ. ಪ್ರಾರ್ಥನೆ ಮಾಡುತ್ತಾನೆಂದು ಪಕ್ಕದವರು ತಿಳಿದಿದ್ದರು.

ಸಾವಿರದ ಒಂಬೈನೂರ ಆರರ ಮಸೂದೆ ಬೇರೆ ತರಹದ್ದು. ಹಳೆಯ ಸಭೆಯನ್ನೇ ಮುಚ್ಚಿ ಎಲ್ಲರಿಗೂ, ಹೆಂಗಸರಿಗೂ, ಮತದ ಹಕ್ಕು ಕೊಡುವಂಥದ್ದು. ಎಬ್ಬಾಗೆ ಐವತ್ತೆಂಟು. ಸಾಯುವ ಮೊದಲು ಒಂದು ಸಲವಾದರೂ ತನ್ನ ಕೈಯಿಂದಲೇ ಮತ ಹಾಕಬೇಕೆಂಬ ಆಸೆ ಅವಳನ್ನು ಸುಡುತ್ತಿತ್ತು.

"ನಮ್ಮ ಕುರ್ಚಿನ ನಾನೇ ಒದ್ದು ಬೀಳಿಸ್ಲಾ, ಅಕ್ಕಾ?"

"ಕೂತು ಕೂತು ಅದರ ಸ್ಪ್ರಿಂಗೇ ಹೋಗಿದೆ. ಹೊರಡು, ರೈಲು ಕಾಯಲ್ಲ."

ಚೀಟಿಯಲ್ಲಿ 'ಹೌದು' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಳು.

ಮಸೂದೆ ಗೆದ್ದ ಸುದ್ದಿ ಅವನಿಗಿಂತ ಮೊದಲೇ ಬಂತು. ಅವನು ಬಂದು ಟೋಪಿ ನೇತುಹಾಕಿದ. ಎಬ್ಬಾ ಒಳಪಟ್ಟಿ ತಡಕಿದಳು. ಚೀಟಿ ಮಡಿಸಿಟ್ಟ ಹಾಗೇ ಇತ್ತು.

"ಬಿಚ್ಚಿ ನೋಡ್ಲೇ ಇಲ್ವಾ?"

"ಇಲ್ಲ."

"ಹಾಗಾದ್ರೆ ಬೇಡ ಅಂದ್ಯಾ? ಗೆದ್ದಿದ್ದು ಬೇರೆಯವರ ಪುಣ್ಯನಾ?"

"ಹೌದು ಅಂದೆ. ಚೀಟಿ ನೋಡಿ ಹೇಳಿದ್ರೆ ಆ ಹಕ್ಕನ್ನ ನಿನಗೆ ನೀನೇ ಕೊಟ್ಕೊಂಡ ಹಾಗಾಗ್ತಿತ್ತು. ನಾನು ಕೊಡಬೇಕು ಅನ್ನಿಸ್ತು."

ಎಬ್ಬಾಗೆ ಅಳು ಬಂತು. ನೆಪ ಹೇಳಲು ಹತ್ತಿರದಲ್ಲಿ ಈರುಳ್ಳಿಯೂ ಇರಲಿಲ್ಲ. "ಕಾಫಿ ಆರುತ್ತೆ" ಎಂದಳು.

ಮುಂದಿನ ಮಾರ್ಚಿನಲ್ಲಿ ಇಬ್ಬರೂ ಊರ ಶಾಲೆಯಲ್ಲಿ, ತಮ್ಮ ಮನೆಯ ಹಾಲು ಕರೆಯುವ ಹಿಲ್ಮಾಳ ಹಿಂದೆ, ಸಾಲಿನಲ್ಲಿ ನಿಂತರು. ಫಾಬಿಯನ್ ಟೋಪಿ ತೆಗೆದ, ಒಳಪಟ್ಟಿ ತಡಕಿದ, ಮತ್ತೊಮ್ಮೆ ತಡಕಿದ.

"ಅಕ್ಕಾ, ಯಾರಿಗೆ ಹಾಕ್ಲಿ?"

"ಹೇಳೋ ಹಾಗಿಲ್ಲ ಕಣೋ. ಗುಟ್ಟಿನ ಮತ."

ಎಬ್ಬಾ ಪರದೆಯ ಹಿಂದೆ ಹೋದಳು. ಯಾರಿಗೆಂದು ಅವಳಿಗೆ ತಿಂಗಳ ಹಿಂದೆಯೇ ಗೊತ್ತಿತ್ತು. ಆದರೂ ಹೊರಬರಲು ಬಹಳ ಹೊತ್ತು ಹಿಡಿಯಿತು.